ಹಲಗೆ ಕೇಳಿದ ಕಿವಿಗೆ ಹೆವಿ ಮೆಟಲ್: ರಸಿಕರಿಗೊಂದು ಕೈಪಿಡಿ

ರಸಿಕರಿಗೆ ಕೈಪಿಡಿ ಬರೆಯುವ ಕೆಲಸ ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ನೆಲಕ್ಕೆ ಹೊಸದಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳ ಆ ಸಂಸ್ಕೃತ ಗ್ರಂಥದಲ್ಲಿ ರಾಜ್ಯಭಾರ, ಅಡುಗೆ, ಆನೆ, ಚಿತ್ರಕಲೆಗಳ ಜೊತೆಗೆ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳಿಗೂ ಜಾಗವಿದೆ. ಅವನ ಮಗ ಇಮ್ಮಡಿ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಎಂಬ ಸಂಗೀತಶಾಸ್ತ್ರವನ್ನೇ ರಚಿಸಿದ. ಏಳು ಶತಮಾನ ಕಳೆದ ಮೇಲೆ, 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಮಾಣಿಕಪ್ರಭುಗಳು ಹುಟ್ಟಿದರು. ಹುಮನಾಬಾದಿಗೆ ಅಂಟಿಕೊಂಡ ಮಾಣಿಕನಗರದಲ್ಲಿ ಅವರು ಕಟ್ಟಿದ ಸಕಲಮತ ಸಂಪ್ರದಾಯಕ್ಕೆ ಸಂಗೀತವೇ ಉಸಿರು. ಕನ್ನಡ, ಮರಾಠಿ, ಹಿಂದಿ, ಸಂಸ್ಕೃತ ಎಲ್ಲದರಲ್ಲೂ ಅವರ ಪದಗಳಿವೆ. ದತ್ತ ಜಯಂತಿಯ ದರ್ಬಾರಿನಲ್ಲಿ ಕಲಾವಿದರು ಒಬ್ಬರಾದ ಮೇಲೊಬ್ಬರು ಬಂದು ಸೇವೆ ಸಲ್ಲಿಸುವ ಪದ್ಧತಿ ಇಂದಿಗೂ ನಡೆದಿದೆ.

ಕೇಳುವುದನ್ನೂ ಒಂದು ವಿದ್ಯೆಯೆಂದು ಬಗೆದ ಈ ಊರುಗಳ ಹುಡುಗ ಹುಡುಗಿಯರು ಈಗ ಓದಿಗೆ, ಕೆಲಸಕ್ಕೆ ಹೈದರಾಬಾದ್, ಪುಣೆ, ಬೆಂಗಳೂರು ಸೇರುತ್ತಾರೆ. ಅಲ್ಲಿ ಹಾಸ್ಟೆಲಿನ ಗೆಳೆಯರು ಒಂದು ಶನಿವಾರ ಸಂಜೆ ಕರೆಯುತ್ತಾರೆ: ಐದಾರು ಬ್ಯಾಂಡುಗಳು, ಕೆಲವು ಹೆವಿ ಮೆಟಲ್, ಕೆಲವು ಹಾರ್ಡ್‌ಕೋರ್, ಟಿಕೆಟ್ ತೆಗೆದಿದ್ದೇವೆ, ಬಾ. ಹೋದವರಲ್ಲಿ ಬಹಳ ಮಂದಿ ಮೊದಲ ಹತ್ತು ನಿಮಿಷದಲ್ಲೇ ‘ಇದು ಬರೀ ಗದ್ದಲ’ ಎಂದು ಹೊರಗೆ ಬಂದು ನಿಲ್ಲುತ್ತಾರೆ. ಈ ಬರಹ ಅವರಿಗಾಗಿ. ತಮ್ಮ ಮಕ್ಕಳು ಕಪ್ಪು ಅಂಗಿ ತೊಟ್ಟು ಏನು ಕೇಳುತ್ತಿದ್ದಾರೆಂದು ತಿಳಿಯಬಯಸುವ ತಂದೆ ತಾಯಿಗಳಿಗೂ ಹೌದು.

ನನ್ನ ಮಾತು ಇಷ್ಟೇ. ಈ ಸಂಗೀತ ಕೇಳಲು ಬೇಕಾದ ಕಿವಿ ಹುಮನಾಬಾದಿನ ಜಾತ್ರೆ ನೋಡಿ ಬೆಳೆದವರಲ್ಲಿ ಆಗಲೇ ಇದೆ. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆಗೆ ನಿಂತವರು ಪುರವಂತರನ್ನು ನೆನೆಯಲಿ. ವಾದ್ಯ ಮೊಳಗುತ್ತಿರುತ್ತದೆ. ಪುರವಂತ ಕತ್ತಿ ಎತ್ತಿದೊಡನೆ ಅದು ನಿಲ್ಲುತ್ತದೆ. ದಕ್ಷಯಜ್ಞದ ಕಥೆಯ ಒಡಪನ್ನು ಅವನು ಉಸಿರು ಬಿಗಿಹಿಡಿದು ಗುಡುಗುತ್ತಾನೆ. ಕೊನೆಯ ಅಕ್ಷರ ಬಿದ್ದ ಕ್ಷಣಕ್ಕೆ ವಾದ್ಯಗಳೆಲ್ಲ ಒಮ್ಮೆಗೇ ಸಿಡಿಯುತ್ತವೆ. ಆ ಸಿಡಿತಕ್ಕೆ ಎದೆ ಝಲ್ಲೆಂದವರಿಗೆ ಮೆಟಲ್ ಕಛೇರಿಯ ಅರ್ಧ ಪಾಠ ಬಂದಂತೆ. ಉಳಿದರ್ಧವನ್ನು ಮುಂದೆ ಹೇಳುತ್ತೇನೆ.

ಎಲ್ಲಿಂದ ಬಂತು

ಮೆಟಲ್ ಹುಟ್ಟಿದ್ದು ಕಾರ್ಖಾನೆಗಳ ಊರಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟೋನಿ ಅಯೋಮಿ ಹದಿನೇಳರ ಹುಡುಗನಿದ್ದಾಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಆತ ಎಡಚ, ಗಿಟಾರಿನ ತಂತಿ ಒತ್ತಬೇಕಾದ್ದು ಅದೇ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಕೆಲವು ವರ್ಷಗಳ ಮೇಲೆ ತಂತಿಗಳ ಬಿಗಿತವನ್ನೇ ಇಳಿಸಿದ. ಒತ್ತುವುದು ಹಗುರವಾಯಿತು, ನಾದ ತಗ್ಗಿ ಭಾರವಾಯಿತು. ಅವನ ಬ್ಯಾಂಡ್ ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು ಹೊರಬಂತು. ಮೆಟಲ್ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುವುದು ರೂಢಿ. 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಬತ್ ತನ್ನ ಕೊನೆಯ ಕಛೇರಿ ಕೊಟ್ಟಿತು. ಅಂದು ಹಗಲಿಡೀ ಮೆಟಾಲಿಕಾ, ಸ್ಲೇಯರ್, ಪ್ಯಾಂಟೆರಾ, ಗೊಜಿರಾದಂಥ ಬ್ಯಾಂಡುಗಳು ಒಂದಾದ ಮೇಲೊಂದು ಬಂದು ಹಿರಿಯರಿಗೆ ನಮಸ್ಕಾರ ಸಲ್ಲಿಸಿದವು. ಗಾಯಕ ಆಜಿ ಆಸ್ಬರ್ನ್ ನಿಲ್ಲಲಾಗದೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಜುಲೈ 22ರಂದು ತೀರಿಕೊಂಡ.

ಹಾರ್ಡ್‌ಕೋರ್ ಬಂದದ್ದು ಬೇರೆ ದಾರಿಯಿಂದ. ಪಂಕ್ ಸಂಗೀತದ ಸಿಟ್ಟನ್ನು ಇನ್ನಷ್ಟು ವೇಗಕ್ಕೆ ಏರಿಸಿ, ಇನ್ನಷ್ಟು ಚಿಕ್ಕದಾಗಿಸಿ, 1980ರ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಕಟ್ಟಿದ ಸಂಗೀತ ಅದು. ಕ್ಯಾಲಿಫೋರ್ನಿಯಾದಲ್ಲಿ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್‌ನಲ್ಲಿ ಬ್ಯಾಡ್ ಬ್ರೇನ್ಸ್ ಮತ್ತು ಮೈನರ್ ಥ್ರೆಟ್. ದೊಡ್ಡ ಕಂಪನಿಗಳಿಗೆ ಕಾಯದೆ ತಾವೇ ಧ್ವನಿಮುದ್ರಿಸಿ, ತಾವೇ ಕವರ್ ಮಡಚಿ, ಕಡಿಮೆ ಬೆಲೆಗೆ ಮಾರಿದರು. ಮುಂದೆ ಈ ಎರಡು ಹೊಳೆಗಳು ಕೂಡಿದವು. ಇಂದು ಒಂದೇ ವೇದಿಕೆಯಲ್ಲಿ ಎರಡೂ ಬಗೆಯ ಬ್ಯಾಂಡು ಕಾಣುವುದು ಅದರಿಂದಲೇ.

ಗದ್ದಲದೊಳಗೆ ಏನಿದೆ

ಮೊದಲು ಗಿಟಾರು. ಸ್ಪೀಕರಿಗೆ ಹೋಗುವ ಮುನ್ನ ಗಿಟಾರಿನ ನಾದವನ್ನು ಆಂಪ್ಲಿಫೈಯರ್ ತಡೆಯಲಾರದಷ್ಟು ಹೆಚ್ಚಿಸುತ್ತಾರೆ. ಆಗ ಅಲೆಯ ತುದಿಗಳು ಕತ್ತರಿಸಿಹೋಗಿ, ಮೂಲ ಸ್ವರದ ಮೇಲೆ ಹತ್ತಾರು ಉಪಸ್ವರಗಳು ಎದ್ದು, ಕರಕರ ಎನ್ನುವ ದಪ್ಪ ನಾದ ಹುಟ್ಟುತ್ತದೆ. ಇದು ಡಿಸ್ಟಾರ್ಷನ್. ಹೊಸಬರು ಇದನ್ನು ಕೆಟ್ಟ ಮೈಕಿನ ದೋಷವೆಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇದನ್ನು ವರ್ಷಗಟ್ಟಲೆ ತಿದ್ದಿ ತೀಡಿ ಪಡೆಯುತ್ತಾರೆ. ಪ್ರತಿ ಗಿಟಾರಿಗನ ಕರಕರಕ್ಕೂ ಅದರದೇ ಬಣ್ಣವಿದೆ.

ಇಷ್ಟು ದಪ್ಪ ನಾದದಲ್ಲಿ ಸ್ವರಗಳನ್ನು ಗುಂಪಾಗಿ ಒತ್ತಿದರೆ ಎಲ್ಲ ಕಲಸಿಹೋಗುತ್ತದೆ. ಷಡ್ಜ ಪಂಚಮ ಮಾತ್ರ ಕಲಸುವುದಿಲ್ಲ, ಅವುಗಳ ಕಂಪನಗಳ ಅನುಪಾತ 2ಕ್ಕೆ 3. ಆದ್ದರಿಂದ ಮೆಟಲ್ ಗಿಟಾರಿಗ ಬಹುಪಾಲು ಸ ಮತ್ತು ಪ ಎರಡನ್ನೇ ಜೋಡಿಯಾಗಿ ಬಾರಿಸುತ್ತಾನೆ. ಪವರ್ ಕಾರ್ಡ್ ಎನ್ನುವುದು ಇದನ್ನೇ. ತಂಬೂರಿಯ ಶ್ರುತಿ ಕೇಳಿ ಬೆಳೆದವರಿಗೆ ಇದು ಪರಿಚಯದ ಜೋಡಿ. ಗಿಟಾರಿನ ಅತಿ ತಗ್ಗಿನ ತಂತಿ ಒಂದೇ ಸ್ವರವನ್ನು ಕುಟ್ಟುತ್ತಾ ಆಧಾರವಾಗಿ ನಿಲ್ಲುತ್ತದೆ. ಅದನ್ನು ಷಡ್ಜವೆಂದು ಹಿಡಿದುಕೊಂಡರೆ ಉಳಿದ ಸ್ವರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಸಬತ್‌ನ ಮೊದಲ ಆಲ್ಬಮಿನ ಮೊದಲ ಹಾಡಿನ ಆಧಾರ ಮೂರೇ ಸ್ವರ: ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ತೀವ್ರ ಮಧ್ಯಮ. ಪಂಚಮಕ್ಕೆ ಕಾದ ಕಿವಿಗೆ ಅದರ ಕೆಳಗಿನ ತೀವ್ರ ಮಧ್ಯಮ ಬಡಿದಾಗ ಆಗುವ ಕಳವಳವೇ ಆ ಹಾಡಿನ ರಸ. ಥ್ರ್ಯಾಶ್ ಎಂಬ ವೇಗದ ಶಾಖೆಯಲ್ಲಿ ಷಡ್ಜದ ಮಗ್ಗುಲಿಗೇ ಕೋಮಲ ರಿಷಭ ಮೇಲಿಂದ ಮೇಲೆ ಬರುತ್ತದೆ. ಅವರು ಫ್ರಿಜಿಯನ್ ಎಂದು ಕರೆಯುವ ಸ್ವರಸಾಲು ನಮ್ಮ ಭೈರವಿ ಥಾಟಿನದೇ.

ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ಪಲ್ಲವಿಗೆ ರಿಫ್ ಎಂದು ಹೆಸರು. ಮೆಟಲ್ ಹಾಡು ನಿಲ್ಲುವುದು ರಿಫ್ ಮೇಲೆ, ಗಾಯಕನ ಮೇಲಲ್ಲ. ‘ಹಾಡಿನ ಧಾಟಿ ಎಲ್ಲಿದೆ?’ ಎಂದು ಗಾಯಕನ ಬಾಯಿ ನೋಡುತ್ತಾ ನಿಂತವರಿಗೆ ಅದು ಸಿಗುವುದಿಲ್ಲ. ಗಿಟಾರಿಗನ ಕೈ ನೋಡಬೇಕು. ಬಲ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒರಗಿಸಿ ಬಾರಿಸಿದರೆ ನಾದ ಗಿಡ್ಡವಾಗಿ ಗುದ್ದಿದಂತೆ ಬರುತ್ತದೆ. ಅಂಗೈ ಎತ್ತಿದರೆ ನಾದ ಹರಡುತ್ತದೆ. ಮುಚ್ಚಿದ ಪೆಟ್ಟು, ತೆರೆದ ಪೆಟ್ಟುಗಳ ಈ ಹೆಣಿಗೆಯಲ್ಲೇ ರಿಫ್‌ನ ಜೀವ. ಹಲಗೆಯ ನಡುವಿನ ಪೆಟ್ಟಿಗೂ ಅಂಚಿನ ಪೆಟ್ಟಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡ್ರಮ್ಮಿನಲ್ಲಿ ಮೂರು ಸಂಗತಿ ಗುರುತಿಟ್ಟುಕೊಳ್ಳಿ. ಎರಡು ಕಾಲಿನಿಂದಲೂ ಬೇಸ್ ಡ್ರಮ್ ತುಳಿದು ಹೊರಡಿಸುವ ಎಡೆಬಿಡದ ಗುಡುಗು ಡಬಲ್ ಬೇಸ್. ಕೈಕಾಲು ಕೂಡಿ ಬಿಡುವಿಲ್ಲದೆ ಮಳೆಯಂತೆ ಸುರಿಸುವ ಪೆಟ್ಟು ಬ್ಲಾಸ್ಟ್ ಬೀಟ್. ಆಗ ಒಂದೊಂದು ಪೆಟ್ಟನ್ನು ಎಣಿಸಲು ಹೋಗಬೇಡಿ, ಮೇಲೆ ನಿಧಾನ ಸರಿಯುವ ಗಿಟಾರಿನ ಸ್ವರ ಹಿಡಿಯಿರಿ. ಮೂರನೆಯದು ಬ್ರೇಕ್‌ಡೌನ್: ಓಡುತ್ತಿದ್ದ ಲಯ ಥಟ್ಟನೆ ನಿಂತು, ಅರೆಗಳಿಗೆಯ ನಿಶ್ಶಬ್ದವಾಗಿ, ಅರ್ಧ ವೇಗದಲ್ಲಿ ಇಮ್ಮಡಿ ಭಾರದೊಡನೆ ಎರಗುತ್ತದೆ. ಪುರವಂತರ ಒಡಪು ಮುಗಿದಾಗಿನ ಸಿಡಿತ ಎಂದೆನಲ್ಲ, ಅದೇ ಇದು. ವೇಗವನ್ನು ಹಿಂದೂಸ್ತಾನಿ ಲೆಕ್ಕದಲ್ಲೇ ಅಳೆಯಬಹುದು. ಡೂಮ್ ಎಂಬ ಶಾಖೆ ವಿಲಂಬಿತ, ಸಾಂಪ್ರದಾಯಿಕ ಹೆವಿ ಮೆಟಲ್ ಮಧ್ಯ ಲಯ, ನಿಮಿಷಕ್ಕೆ 200 ಮಾತ್ರೆ ದಾಟುವ ಥ್ರ್ಯಾಶ್ ದ್ರುತ.

ಬೇಸ್ ಗಿಟಾರನ್ನು ಕಿವಿಗಿಂತ ಮೈಯಿಂದ ಕೇಳಬೇಕು. ಅದರ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಪಕ್ಕೆಲುಬು, ಅಂಗಾಲಿಗೆ ತಾಗುವುದು ಅದೇ. ಮೊಬೈಲಿನಲ್ಲಿ ಕೇಳಿ ಮೆಚ್ಚದವರು ಮೈದಾನದಲ್ಲಿ ಮನಸೋಲುವುದಕ್ಕೆ ಈ ಕಂಪನ ದೊಡ್ಡ ಕಾರಣ.

ಇನ್ನು ಆ ಗರ್ಜನೆ. ಎಲ್ಲ ಮೆಟಲ್ ಗಾಯಕರೂ ಗರ್ಜಿಸುವುದಿಲ್ಲ. ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್, ಜೂಡಾಸ್ ಪ್ರೀಸ್ಟ್‌ನ ರಾಬ್ ಹ್ಯಾಲ್ಫರ್ಡ್ ತಾರಸ್ಥಾಯಿಯಲ್ಲಿ ತೆರೆದ ಕಂಠದಿಂದ ಹಾಡುವವರು. ಗ್ರೌಲ್ ಎಂಬ ಗರ್ಜನೆಯನ್ನು ನುರಿತವರು ಧ್ವನಿತಂತುಗಳ ಮೇಲಿರುವ ಮಡಿಕೆಗಳನ್ನು ಅದುರಿಸಿ, ಹೊಟ್ಟೆಯ ಉಸಿರಿನ ಬಲದಿಂದ ಹೊರಡಿಸುತ್ತಾರೆ. ಕಲಿಯದೆ ಕಿರುಚಿದರೆ ಗಂಟಲು ಕೆಡುತ್ತದೆ. ಕಲಿತವರು ರಾತ್ರಿಯ ಮೇಲೆ ರಾತ್ರಿ ಹಾಡಬಲ್ಲರು. ಇಲ್ಲಿ ಕಂಠ ರಾಗ ಹಾಡುವುದಿಲ್ಲ, ತಾಳವಾದ್ಯವಾಗುತ್ತದೆ. ಪದ ಯಾವ ಪೆಟ್ಟಿನ ಮೇಲೆ ಬೀಳುತ್ತದೆಂದು ಗಮನಿಸಿದರೆ ಆ ಕಲೆಯ ಬಿಗಿ ಗೊತ್ತಾಗುತ್ತದೆ.

ಎರಡು ಮನೆಯ ಎರಡು ನಡೆ

ಮೆಟಲ್ ಬ್ಯಾಂಡಿಗೆ ವಾದನದ ಪಾಂಡಿತ್ಯ, ಹಾಡಿನ ಕಟ್ಟಡ, ಕಥನ ಮುಖ್ಯ. ಹಾಡು ಏಳೆಂಟು ನಿಮಿಷ ಬೆಳೆಯಬಹುದು. ನಡುವೆ ಗಿಟಾರಿನ ದೀರ್ಘ ಏಕವಾದನ ಬರಬಹುದು. ವೇದಿಕೆ ಎತ್ತರದಲ್ಲಿರುತ್ತದೆ, ಬೆಳಕು, ಹೊಗೆ, ಹಿಂದೆ ದೊಡ್ಡ ಚಿತ್ರಪಟ. ಹಾರ್ಡ್‌ಕೋರ್ ಇದನ್ನೆಲ್ಲ ಕಳಚಿಡುತ್ತದೆ. ಹಾಡು ಒಂದೂವರೆ ಎರಡು ನಿಮಿಷ, ಮಾತು ನೇರ, ವೇದಿಕೆ ತಗ್ಗಿನಲ್ಲಿದ್ದಷ್ಟೂ ಒಳ್ಳೆಯದು. ಗಾಯಕ ಮೈಕನ್ನು ಮುಂದಿನ ಸಾಲಿನವರ ಬಾಯಿಗೆ ಹಿಡಿಯುತ್ತಾನೆ, ಕೇಳುಗರು ಕೂಡಿ ಕೂಗುತ್ತಾರೆ. ಹಾಡುವವನಿಗೂ ಕೇಳುವವನಿಗೂ ನಡುವೆ ಮೇಲು ಕೀಳು ಬೇಡವೆಂಬುದು ಆ ಮನೆಯ ಧರ್ಮ. ಕಾಯಕದವರೆಲ್ಲ ಬಾಯಿ ತೆರೆದು ಮಾತಾಡಿದ ಕಲ್ಯಾಣದಲ್ಲಿ, ವಚನಕಾರ ಅಂಬಿಗರ ಚೌಡಯ್ಯನ ನಿಷ್ಠುರ ನುಡಿಗೆ ಒಗ್ಗಿದ ನೆಲದಲ್ಲಿ, ಈ ನೇರ ಮಾತು ಯಾರಿಗೂ ಪರಕೀಯವೆನಿಸಬೇಕಿಲ್ಲ.

ಕುಡಿತ, ಮಾದಕ ವಸ್ತುಗಳ ಚಿಂತೆ ಮನೆಯವರಿಗಿರುತ್ತದೆ. ಅವರು ತಿಳಿಯಬೇಕಾದ ಒಂದು ಸಂಗತಿ ಹಾರ್ಡ್‌ಕೋರ್ ಒಳಗೇ ಇದೆ. ಮೈನರ್ ಥ್ರೆಟ್‌ನ ಗಾಯಕ ಇಯಾನ್ ಮೆಕೇ ಕುಡಿಯದೆ, ಸೇದದೆ, ಎಚ್ಚರದಲ್ಲಿ ಬದುಕುವ ಬಗ್ಗೆ 1981ರಲ್ಲಿ ಒಂದು ಹಾಡು ಮಾಡಿದ. ಅದರ ಹೆಸರಿನಿಂದಲೇ ಸ್ಟ್ರೈಟ್ ಎಡ್ಜ್ ಎಂಬ ಪಂಥ ಹುಟ್ಟಿ ಲೋಕದ ತುಂಬ ಹರಡಿತು. ಅಂಗೈಯ ಹಿಂಬದಿಯಲ್ಲಿ ಎಕ್ಸ್ ಗುರುತು ಹಾಕಿಕೊಂಡವರು ಕಂಡರೆ ಅವರು ಅದರವರೆಂದು ತಿಳಿಯಬಹುದು.

ಸಂಜೆಯ ಕ್ರಮ

ಹಲವು ಬ್ಯಾಂಡುಗಳ ಕಛೇರಿಗೆ ತನ್ನದೇ ನಡೆ ಇದೆ. ಮೊದಲಿನವರಿಗೆ ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತು ನಿಮಿಷ, ನಡುವಿನವರಿಗೆ ನಲವತ್ತರ ಸುಮಾರು, ಕೊನೆಯ ಹೆಸರಾಂತ ಬ್ಯಾಂಡಿಗೆ ಒಂದರಿಂದ ಒಂದೂವರೆ ಗಂಟೆ. ತೆರೆದ ಮೈದಾನದಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯಿದೆ. ಆದ್ದರಿಂದ ಮಾಣಿಕನಗರದ ದರ್ಬಾರಿಗೆ ಹೊರಡುವಂತೆ ರಾತ್ರಿ ಊಟ ಮುಗಿಸಿ ಹೊರಟರೆ ಕೊನೆಯ ಹಾಡೂ ಸಿಗಲಿಕ್ಕಿಲ್ಲ. ಮಧ್ಯಾಹ್ನವೇ ಉಂಡು, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ.

ಮೊದಲ ಬ್ಯಾಂಡನ್ನು ತಪ್ಪಿಸಬೇಡಿ. ಹೆಚ್ಚಿನ ಸಲ ಅವರು ಅದೇ ಊರಿನ ಹುಡುಗರು, ಕಡಿಮೆ ಸಮಯದಲ್ಲಿ ತಮ್ಮನ್ನು ತೋರಿಸಬೇಕಾದವರು, ಅರೆತುಂಬಿದ ಮೈದಾನಕ್ಕೆ ಪೂರ್ತಿ ಬಲದಿಂದ ಬಾರಿಸುವವರು. ಹೊಸ ಕೇಳುಗನಿಗೂ ಅದು ಒಳ್ಳೆಯ ಹೊತ್ತು. ಜನ ವಿರಳ, ವೇದಿಕೆ ಹತ್ತಿರ, ಯಾರ ಕೈ ಏನು ಮಾಡುತ್ತಿದೆಯೆಂದು ಕಾಣುತ್ತದೆ. ಬ್ಯಾಂಡ್ ಬದಲಾಗುವ ಬಿಡುವಿನಲ್ಲೂ ವೇದಿಕೆ ನೋಡಿ. ಡ್ರಮ್ಮಿನ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಬಾರಿಸಿ ಪರೀಕ್ಷಿಸುತ್ತಾರೆ, ಆಮೇಲೆ ಬೇಸ್, ಆಮೇಲೆ ಗಿಟಾರು. ಕೂಡಿದಾಗ ಗದ್ದಲವೆನಿಸಿದ್ದು ಬಿಡಿಸಿದಾಗ ಎಷ್ಟು ಸ್ಪಷ್ಟವೆಂದು ಈ ಐದು ನಿಮಿಷ ಕಲಿಸಿಕೊಡುತ್ತದೆ.

ನಿಲ್ಲುವ ಜಾಗ ಅರ್ಧ ಕಛೇರಿ. ಮೈದಾನದ ನಡುವೆ ಧ್ವನಿ ಹದಗೊಳಿಸುವ ತಂತ್ರಜ್ಞರ ಮೇಜಿರುತ್ತದೆ. ಅವರು ತಮ್ಮ ಕಿವಿಗೆ ಸರಿಯೆನಿಸುವಂತೆ ಎಲ್ಲವನ್ನೂ ಕೂಡಿಸುವುದರಿಂದ ಆ ಮೇಜಿನ ಆಸುಪಾಸಿನಲ್ಲಿ ಕೇಳುವ ನಾದವೇ ಹದವಾದದ್ದು. ಸ್ಪೀಕರ್ ಗೋಪುರದ ಮುಂದೆ ನಿಂತರೆ ಬೇಸ್ ಮಾತ್ರ ಕೇಳಿ ‘ಏನೂ ತಿಳಿಯಲಿಲ್ಲ’ ಎನ್ನಬೇಕಾಗುತ್ತದೆ.

ಕಿವಿಯ ಕಾಳಜಿ ಮಾಡಲೇಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಅಳತೆ; ಮೂರು ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧರ್ಧ ಇಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದೇ ನಿಮಿಷ. ಕಛೇರಿಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆದ್ದರಿಂದ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಳ್ಳಿ, ನಡುನಡುವೆ ದೂರ ಸರಿದು ಕಿವಿಗೆ ಬಿಡುವು ಕೊಡಿ. ಇಯರ್‌ಪ್ಲಗ್ ಹಾಕಿದರೆ ಸಂಗೀತ ಕೆಡುತ್ತದೆಂಬ ಮಾತು ನಂಬಬೇಡಿ. ಕರಕರದ ಮೊನೆ ಇಳಿದು ರಿಫ್ ಇನ್ನೂ ಬಿಡಿಯಾಗಿ ಕೇಳುತ್ತದೆ. ಎಷ್ಟೋ ವಾದಕರೇ ಹಾಕಿಕೊಂಡು ಬಾರಿಸುತ್ತಾರೆ.

ಪಿಟ್‌ನ ನೀತಿ

ವೇದಿಕೆಯ ಮುಂದೆ ಜನ ಜಾಗ ಬಿಡಿಸಿಕೊಂಡು ಒಬ್ಬರಿಗೊಬ್ಬರು ಭುಜ ಹಾಯಿಸುವುದನ್ನು ಕಂಡು ಹೊಸಬರು ಜಗಳವೆಂದು ಬೆದರುತ್ತಾರೆ. ಅದು ಮಾಶ್ ಪಿಟ್, ಅಲ್ಲಿ ಕಟ್ಟುಪಾಡಿದೆ. ಬಿದ್ದವರನ್ನು ಕೂಡಲೇ ಎತ್ತಬೇಕು. ಯಾರದಾದರೂ ಚಪ್ಪಲಿ, ಕನ್ನಡಕ ಬಿದ್ದರೆ ಕೈ ಎತ್ತಿ ಹಿಡಿದು ತೋರಿಸಬೇಕು. ಮೊಣಕೈ, ಮುಷ್ಟಿ ಬಳಸಬಾರದು. ಬಾರದೆ ಅಂಚಿನಲ್ಲಿ ನಿಂತವರನ್ನು ಎಳೆಯಬಾರದು. ಹೆಣ್ಣುಮಕ್ಕಳ ಮೈ ಮುಟ್ಟುವ ನೆಪ ಮಾಡಿಕೊಂಡವನನ್ನು ಹೊರಗೆ ಹಾಕಿಸುವುದು ಅಲ್ಲಿರುವ ಎಲ್ಲರ ಹೊಣೆ. ಸರ್ಕಲ್ ಪಿಟ್ ಎಂದರೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತು ಓಡುವುದು. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುವ ನಮ್ಮ ಕಡೆಯವರಿಗೆ, ಲಯ ಜನರನ್ನು ಸುತ್ತು ತಿರುಗಿಸುವ ಬಗೆ ಗೊತ್ತಿದೆ. ಭಾವ ಬೇರೆ, ಆದರೆ ಮೈ ತಾಳಕ್ಕೆ ಒಪ್ಪಿಸಿಕೊಳ್ಳುವ ರೀತಿ ಒಂದೇ. ಮೊದಲ ಸಲ ಅಂಚಿನಲ್ಲಿ ನಿಂತು ನೋಡಿ. ಒಳಗೆ ಇಳಿಯದೆಯೂ ಪೂರ್ಣ ರಸಿಕರಾಗಬಹುದು. ತಲೆದೂಗುವುದೇ ಇಲ್ಲಿಯ ಹಳೆಯ ಮೆಚ್ಚುಗೆ.

ತಲೆಬುರುಡೆ, ರಕ್ತ, ಕೊಂಬಿನ ಕೈ

ಅಂಗಿಯ ಮೇಲೆ ಬುರುಡೆ, ಹಾಡಿನಲ್ಲಿ ಸಾವು, ಕೈಯಲ್ಲಿ ಕೊಂಬಿನ ಮುದ್ರೆ. ಇದು ಸೈತಾನನ ಪೂಜೆಯೇ ಎಂದು ಕೇಳುವವರಿದ್ದಾರೆ. ಕೊಂಬಿನ ಮುದ್ರೆಯನ್ನು ಮೆಟಲ್ ಲೋಕಕ್ಕೆ ಹರಡಿದವನು 1979ರಲ್ಲಿ ಸಬತ್ ಸೇರಿದ ಗಾಯಕ ರಾನಿ ಜೇಮ್ಸ್ ಡಿಯೊ. ಇಟಲಿ ಮೂಲದ ಅವನ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಹಿಡಿಯುತ್ತಿದ್ದ ಮುದ್ರೆ ಅದು. ಸಬತ್‌ನ ಹಾಡುಗಳಲ್ಲಿ ಯುದ್ಧದ ವಿರುದ್ಧದ ಸಿಟ್ಟಿದೆ, ಅಣುಬಾಂಬಿನ ಭಯವಿದೆ, ಒಂಟಿತನವಿದೆ. ಸೈತಾನನ ವೇಷವನ್ನು ಬೇಕೆಂದೇ ತೊಟ್ಟ ಬ್ಯಾಂಡುಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಅವು ಈ ದೊಡ್ಡ ಮನೆಯ ಒಂದು ಕೋಣೆ ಮಾತ್ರ.

ನವರಸಗಳಲ್ಲಿ ರೌದ್ರ, ಭಯಾನಕ, ಬೀಭತ್ಸಗಳಿಗೂ ಆಸನವಿದೆ. ಶೃಂಗಾರ, ಕರುಣಗಳನ್ನು ಸಿನಿಮಾ ಹಾಡುಗಳು ಬೇಕಾದಷ್ಟು ಕೊಡುತ್ತವೆ. ರೌದ್ರಕ್ಕೆ ಎಲ್ಲಿಗೆ ಹೋಗಬೇಕು? ವೀರಭದ್ರ ಶಿವನ ಜಡೆಯಿಂದ ಎದ್ದ ಸಿಟ್ಟು. ಆ ಸಿಟ್ಟಿಗೆ ಗುಡಿ ಕಟ್ಟಿ, ತೇರೆಳೆದು, ಮನೆಮಂದಿಯೆಲ್ಲ ಕೂಡಿ ನೋಡುವ ಊರು ಹುಮನಾಬಾದ್. ಸಿಟ್ಟನ್ನು ಒಳಗೆ ಕೊಳೆಯಲು ಬಿಡದೆ, ವರ್ಷಕ್ಕೊಮ್ಮೆ ತಾಳ ಹಾಕಿ ಹೊರಗೆ ಕರೆಯುವ ಜಾಣತನ ಅದು. ಮೆಟಲ್ ಮಾಡುವುದೂ ಈ ಕೆಲಸವನ್ನೇ. ಅಷ್ಟು ಗರ್ಜಿಸಿ ಕುಣಿದ ಜನ ಕಛೇರಿ ಮುಗಿದ ಮೇಲೆ ಒಬ್ಬರಿಗೊಬ್ಬರು ನೀರು ಕೊಟ್ಟು ಹಗುರಾಗಿ ಹೊರಡುವುದನ್ನು ನೋಡಿದರೆ ನಾನು ಹೇಳುವುದು ತಿಳಿಯುತ್ತದೆ.

ಕರ್ನಾಟಕದ ಮೆಟಲ್

ಈ ಸಂಗೀತಕ್ಕೆ ಭಾರತದಲ್ಲಿ ಬೆಂಗಳೂರು ಒಂದು ಮುಖ್ಯ ಪೀಠ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಾರಿಸಿತು. ಅದಕ್ಕೂ ಮುನ್ನ ದೆಹಲಿಯ ಪರಿಕ್ರಮ ವೇದಿಕೆ ಏರಿತ್ತು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ. ಎರಡು ದಿನ ಮುಂಚೆ ಗುರುಗ್ರಾಮದ ಕಛೇರಿ ರದ್ದಾಗಿತ್ತು, ಬೆಂಗಳೂರಿನದು ನಡೆಯಿತು. ನಗರದ ಇನ್ನರ್ ಸ್ಯಾಂಕ್ಟಮ್ ಅಂದು ಮೆಟಾಲಿಕಾಗೆ ಮುನ್ನ ಬಾರಿಸಿತು. 2012ರಲ್ಲಿ ಸ್ಲೇಯರ್ ಬಂತು. ಅದೇ ವರ್ಷ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಜರ್ಮನಿಯ ಕ್ರಿಯೇಟರ್ ಬ್ಯಾಂಡಿನೊಂದಿಗೆ ಶುರುವಾಯಿತು. ಅದಕ್ಕೆ ನಂಟಿರುವ ಜರ್ಮನಿಯ ವಾಕನ್ ಉತ್ಸವದ ಕಥೆ ನಮ್ಮ ತಾಲ್ಲೂಕುಗಳವರು ಕೇಳಬೇಕಾದದ್ದು. ವಾಕನ್ ಸುಮಾರು ಎರಡು ಸಾವಿರ ಜನರ ಹಳ್ಳಿ. 1990ರಲ್ಲಿ ಅಲ್ಲಿ ಆರೇಳು ಬ್ಯಾಂಡುಗಳಿಂದ ಶುರುವಾದದ್ದು ಇಂದು ಎಂಬತ್ತು ಸಾವಿರದ ಸುಮಾರು ಜನ ಸೇರುವ ವಾರ್ಷಿಕ ಜಾತ್ರೆ. ಮೆಟಲ್ ಮಹಾನಗರದ ಸ್ವತ್ತೇನೂ ಅಲ್ಲ.

ಬೆಂಗಳೂರಿನ ಎಕ್ಸೆಂಟ್ರಿಕ್ ಪೆಂಡ್ಯುಲಮ್ 2011ರಲ್ಲೇ ವಾಕನ್ ವೇದಿಕೆಗೆ ಹೋಯಿತು. 1998ರಲ್ಲಿ ಹುಟ್ಟಿದ ಕ್ರಿಪ್ಟಾಸ್ ಯುರೋಪಿನಲ್ಲಿ ಸುತ್ತಾಡಿ ಹೆಸರು ಮಾಡಿದೆ. ಹಳೆಯ ಶೈಲಿಯ ಗಿಟಾರು, ಹಾಡಿನ ಸ್ಪಷ್ಟ ಕಟ್ಟಡ ಇವು ಅದರ ಬಲ. ಬೇವರ್ ಸೀ ನಿಧಾನ ಲಯದ ಡೂಮ್ ಬ್ಯಾಂಡು. ಹೆಸರಿನಲ್ಲೇ ಕನ್ನಡದ ಬೈಗುಳವನ್ನು ಹೊತ್ತದ್ದು. ಕರ್ನಾಟಕದಾಚೆಗೆ ನೋಡಿದರೆ, ಮುಂಬೈಯ ಸ್ಕ್ರೈಬ್ ಹಾರ್ಡ್‌ಕೋರ್ ಬಲದ ಬ್ಯಾಂಡು. ದೆಹಲಿಯ ಬ್ಲಡಿವುಡ್ ಢೋಲು, ಪಂಜಾಬಿ ಪದಗಳನ್ನು ಮೆಟಲ್‌ಗೆ ಬೆಸೆದು 2019ರಲ್ಲಿ ವಾಕನ್‌ನಲ್ಲಿ ಮೆರೆಯಿತು. ಇಂಡೊನೇಷ್ಯಾದ ಹಳ್ಳಿ ಶಾಲೆಯಲ್ಲಿ ಕೂಡಿದ ಮೂವರು ಮುಸ್ಲಿಂ ಹುಡುಗಿಯರು, ತಲೆವಸ್ತ್ರ ತೊಟ್ಟೇ ಬಾರಿಸುವ ವಾಯ್ಸ್ ಆಫ್ ಬಾಚೆಪ್ರೊಟ್, 2022ರಲ್ಲಿ ಅದೇ ವೇದಿಕೆಯಲ್ಲಿದ್ದರು.

ಹೊರಡುವ ಮುನ್ನ ಕಿವಿ ಪಳಗಿಸಲು

ಇವನ್ನು ಇದೇ ಕ್ರಮದಲ್ಲಿ ಕೇಳಿ. ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ (1970): ಭಾರ ಎಂದರೇನೆಂದು ತಿಳಿಯಲು. ಐರನ್ ಮೇಡನ್‌ನ ‘ದಿ ನಂಬರ್ ಆಫ್ ದಿ ಬೀಸ್ಟ್’ (1982): ಎರಡು ಗಿಟಾರು ಜೊತೆಯಾಗಿ ಹಾಡುವುದನ್ನೂ ತೆರೆದ ಕಂಠವನ್ನೂ ಕೇಳಲು. ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ (1986): ಅಂಗೈ ಒತ್ತಿದ ಪೆಟ್ಟಿನ ಬಿಗಿಗೆ. ಅದೇ ವರ್ಷದ ಸ್ಲೇಯರ್‌ನ ‘ರೀನ್ ಇನ್ ಬ್ಲಡ್’: ಹತ್ತು ಹಾಡು ಅರ್ಧ ಗಂಟೆಯೊಳಗೆ ಮುಗಿಯುವ ದ್ರುತಕ್ಕೆ. ಹಾರ್ಡ್‌ಕೋರ್‌ಗೆ ಬ್ಯಾಡ್ ಬ್ರೇನ್ಸ್‌ನ 1982ರ ಮೊದಲ ಆಲ್ಬಮ್. ಜಾಝ್ ಬೆಸುಗೆಯ ಸಂಗೀತದಿಂದ ಬಂದ ಆ ಕಪ್ಪು ವಾದಕರ ಕೈಚಳಕ ವೇಗದಲ್ಲೂ ಸಡಿಲವಾಗುವುದಿಲ್ಲ. ನೆಲದ ಡೋಲು ಮೆಟಲ್‌ಗೆ ಹೇಗೆ ಕೂಡುತ್ತದೆಂದು ನೋಡಲು ಬ್ರೆಜಿಲಿನ ಸೆಪುಲ್ಟುರಾದ ‘ರೂಟ್ಸ್’ (1996). ಅದರಲ್ಲಿ ಶವಾಂಚೆ ಬುಡಕಟ್ಟಿನವರ ದನಿಯೂ ಇದೆ.

ಒಂದೊಂದು ಹಾಡನ್ನೂ ಮೂರು ಸಲ ಕೇಳಿ. ಮೊದಲ ಸಲ ಡ್ರಮ್ ಮಾತ್ರ ಹಿಡಿಯಿರಿ, ಎರಡನೆಯ ಸಲ ಗಿಟಾರು, ಮೂರನೆಯ ಸಲ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕಂಠ. ಮೂರನೆಯ ಸುತ್ತಿಗೆ ಗದ್ದಲ ಕರಗಿರುತ್ತದೆ.

ಒಳ್ಳೆಯ ಬ್ಯಾಂಡನ್ನು ಗುರುತಿಸುವುದೂ ಆಗ ಕಷ್ಟವಲ್ಲ. ಗಿಟಾರಿನ ಮುಚ್ಚಿದ ಪೆಟ್ಟೂ ಬೇಸ್ ಡ್ರಮ್ಮಿನ ತುಳಿತವೂ ಕೂದಲೆಳೆಯಷ್ಟೂ ಬಿಡದೆ ಕೂಡುತ್ತಿವೆಯೇ? ನಿಲ್ಲಬೇಕಾದ ಕಡೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆಯೇ? ಒಂದಾದರೂ ರಿಫ್ ಮನೆಗೆ ಹೋಗುವಾಗ ಗುನುಗಲು ಬರುತ್ತದೆಯೇ? ತಗ್ಗಿ ನಡೆಯುವ ಜಾಗವಿದೆಯೇ, ಅಥವಾ ಮೊದಲಿಂದ ಕೊನೆಯವರೆಗೆ ಒಂದೇ ಎತ್ತರದ ಸದ್ದೇ? ಗಾಯಕ ಕುಣಿಯಿರೆಂದು ಗೋಗರೆಯದೆಯೇ ಜನ ಅಲುಗುತ್ತಿದ್ದಾರೆಯೇ? ಈ ಐದರಲ್ಲಿ ನಾಲ್ಕಕ್ಕೆ ಹೌದೆಂದರೆ ಮನಸ್ಸು ಬಿಚ್ಚಿ ಕೂಗಿ. ಹೊರಡುವಾಗ ಅಂಗಿಯನ್ನೋ ಸಿಡಿಯನ್ನೋ ಕೊಳ್ಳಿ. ಚಿಕ್ಕ ಬ್ಯಾಂಡುಗಳ ಮುಂದಿನ ಪಯಣದ ಖರ್ಚು ಬಹುಪಾಲು ಆ ಮೇಜಿನಿಂದಲೇ ಹುಟ್ಟುತ್ತದೆ.

ಮಾಣಿಕಪ್ರಭುಗಳ ದರ್ಬಾರಿನಲ್ಲಿ ಯಾವ ಭಾಷೆಯ ಪದಕ್ಕೂ, ಯಾವ ಮತದ ಗಾಯಕನಿಗೂ ಬಾಗಿಲು ಮುಚ್ಚಿರಲಿಲ್ಲ. ಈ ಸೀಮೆಯ ರಸಿಕತೆಗೆ ಅಷ್ಟು ಅಗಲವಿದೆ. ಬ್ರೆಜಿಲಿನವರು ತಮ್ಮ ಡೋಲು ತಂದರು, ಪಂಜಾಬಿನವರ ಢೋಲು ಜರ್ಮನಿಯ ಹಳ್ಳಿಗೆ ಹೋಯಿತು. ಹಲಗೆಯ ಪೆಟ್ಟೂ ಒಡಪಿನ ಗುಡುಗೂ ರಕ್ತದಲ್ಲಿರುವ ಹುಮನಾಬಾದ್, ಬಸವಕಲ್ಯಾಣದ ಹುಡುಗರು ಗಿಟಾರು ಹಿಡಿದರೆ, ಕನ್ನಡದಲ್ಲೇ ಗರ್ಜಿಸಿದರೆ, ಅದು ಎರವಲು ಸಂಗೀತವಾಗಿ ಉಳಿಯುವುದಿಲ್ಲ. ಅದಕ್ಕೆ ಮೊದಲು ಕೇಳುವವರು ಸಿದ್ಧರಾಗಬೇಕು. ಮುಂದಿನ ಸಲ ಗೆಳೆಯರು ಕರೆದಾಗ ಹೋಗಿ, ಮೊದಲ ಬ್ಯಾಂಡಿನಿಂದ ಕೊನೆಯದರವರೆಗೆ ನಿಂತು ಕೇಳಿ, ಆಮೇಲೆ ನಿಮ್ಮ ತೀರ್ಪು ಕೊಡಿ.